ಅಮೆರಿಕದಿಂದ ಬ್ರಿಟನ್ನಿಗೆ ಸಾಹಿತ್ಯದ ಎಂ.ಎ. ಓದಲು ಹೊರಟವರಿಗೆ

ನನ್ನ ಚಿಕ್ಕಪ್ಪನ ಮಗಳು ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದವಳು. ಇಂಗ್ಲಿಷ್ ಸಾಹಿತ್ಯದಲ್ಲಿ ಡಿಗ್ರಿ ಮುಗಿಸಿ, ಈ ಸೆಪ್ಟೆಂಬರಿಗೆ ಎಂ.ಎ. ಓದಲು ಇಂಗ್ಲೆಂಡಿಗೆ ಹೊರಟಿದ್ದಾಳೆ. ಮೊನ್ನೆ ಫೋನ್ ಮಾಡಿ, "ಭಾಷೆ ಅದೇ ತಾನೇ ಅಕ್ಕಾ, ಏನು ಮಹಾ ಕಷ್ಟ?" ಅಂದಳು. ಕೆಲವು ವರ್ಷದ ಹಿಂದೆ ನಾನೂ ಹೀಗೇ ಅಂದುಕೊಂಡು ವಿಮಾನ ಹತ್ತಿದ್ದೆ.

ಭಾಷೆ ಅದೇ ಆಗಿರುವುದರಿಂದಲೇ ಎಡವುವುದು ಜಾಸ್ತಿ. ಅರ್ಥವಾಗದ್ದೂ ಅರ್ಥವಾಯಿತು ಅನ್ನಿಸಿಬಿಡುತ್ತದೆ. ಜೊತೆಗೆ ಅಲ್ಲಿ ಯಾರೂ ನಿಮ್ಮ ಬೆನ್ನು ಹತ್ತಿ ಇದು ಮಾಡಿದ್ರಾ, ಅದು ಮಾಡಿದ್ರಾ ಎಂದು ವಿಚಾರಿಸುವುದಿಲ್ಲ. ನೀವಾಗಿ ಕೇಳಿದರೆ ಮಾತ್ರ ಹೇಳುತ್ತಾರೆ. ಕೇಳಬೇಕು ಅಂತ ನಿಮಗೆ ಹೊಳೆಯುವಷ್ಟರಲ್ಲಿ ವರ್ಷ ಮುಗಿದಿರುತ್ತದೆ.

ನಾನು ಪಿಯುಸಿವರೆಗೆ ಓದಿದ್ದು ಶಿವಮೊಗ್ಗದಲ್ಲಿ, ಬಿ.ಎ. ಅಮೆರಿಕದಲ್ಲಿ, ಎಂ.ಎ. ಉತ್ತರ ಇಂಗ್ಲೆಂಡಿನಲ್ಲಿ. ನನ್ನದು ಭಾರತದ ಪಾಸ್‌ಪೋರ್ಟ್, ತಂಗಿಯದು ಅಮೆರಿಕದ್ದು. ಆದ್ದರಿಂದ ಎರಡೂ ಥರದವರಿಗೆ ಅನುಕೂಲ ಆಗುವ ಹಾಗೆ ಬರೆದಿದ್ದೇನೆ.

ಅರ್ಜಿ ಹಾಕುವ ಮುಂಚೆ

ಅಮೆರಿಕದಲ್ಲಿ ಎಂ.ಎ. ಸಾಮಾನ್ಯವಾಗಿ ಎರಡು ವರ್ಷ. ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು. ಒಟ್ಟು 180 ಕ್ರೆಡಿಟ್, ಅದರಲ್ಲಿ ಹೆಚ್ಚಿನ ಕಡೆ 60 ಕ್ರೆಡಿಟ್ ಕೊನೆಯ ಪ್ರಬಂಧಕ್ಕೇ ಹೋಗುತ್ತದೆ. ಪಾಠ ನಡೆಯುವುದು ಇಪ್ಪತ್ತು-ಇಪ್ಪತ್ತೆರಡು ವಾರ ಮಾತ್ರ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಒಂದು ಟರ್ಮ್ ಅಂದರೆ ಬರೀ ಎಂಟು ವಾರ.

ಜಿಆರ್‌ಇ ಪರೀಕ್ಷೆ ಬೇಕಾಗಿಲ್ಲ, ಅಷ್ಟು ಖರ್ಚು ಉಳಿಯಿತು. ಆದರೆ ಅಮೆರಿಕದ ಕಾಲೇಜಿಗೆ ಬರೆಯುವ ಥರದ ಪತ್ರ ಇಲ್ಲಿ ನಡೆಯುವುದಿಲ್ಲ. ಅಜ್ಜಿ ಹೇಳಿದ ಕಥೆಯಿಂದ ಸಾಹಿತ್ಯದ ಹುಚ್ಚು ಹತ್ತಿತು ಅಂತೆಲ್ಲ ಬರೆಯಬೇಡಿ. ಯಾವ ಕಾಲದ ಸಾಹಿತ್ಯ, ಯಾವ ಪ್ರಶ್ನೆ, ಅಲ್ಲಿನ ಯಾವ ಪಾಠ ನಿಮಗೆ ಬೇಕು, ಪ್ರಬಂಧ ಯಾವುದರ ಮೇಲೆ ಇರಬಹುದು, ಇಷ್ಟನ್ನು ಒಂದೂವರೆ ಪುಟದಲ್ಲಿ ನೇರವಾಗಿ ಹೇಳಿ.

ದುಡ್ಡಿನ ವಿಷಯ. ಹೊರದೇಶದವರಿಗೆ ಕಲಾ ವಿಭಾಗದ ಎಂ.ಎ. ಶುಲ್ಕ ಸುಮಾರು 20,000ದಿಂದ 35,000 ಪೌಂಡ್ ನಡುವೆ ಇರುತ್ತದೆ. ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ 1953ರಲ್ಲಿ ಶುರುವಾದ ಮಾರ್ಷಲ್ ವಿದ್ಯಾರ್ಥಿವೇತನ ಇದೆ. ಭಾರತದವರಿಗೆ ಚೀವ್ನಿಂಗ್ ಮತ್ತು ಕಾಮನ್‌ವೆಲ್ತ್ ಇವೆ. ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ವಾಪಸ್ ಹೋಗಿರಬೇಕು. ರೋಡ್ಸ್ ಮತ್ತು ಗೇಟ್ಸ್ ಕೇಂಬ್ರಿಜ್‌ಗೆ ಇಬ್ಬರೂ ಅರ್ಜಿ ಹಾಕಬಹುದು. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಿಗೂ ಸಿಗುತ್ತದೆ. ಆದರೆ ಅದರಲ್ಲಿ ಗ್ರ್ಯಾಡ್ ಪ್ಲಸ್ ಅನ್ನುವ ಸಾಲ 2026ರ ಜುಲೈನಿಂದ ಹೊಸಬರಿಗೆ ಇಲ್ಲ. ಉಳಿದ ಸಾಲಕ್ಕೆ ವರ್ಷಕ್ಕೆ 20,500 ಡಾಲರ್ ಮಿತಿ. ಅಷ್ಟರಲ್ಲಿ ಲಂಡನ್ನಿನ ಶುಲ್ಕವೇ ತೀರದೆ ಇರಬಹುದು.

ಹೊರಡುವ ಮುಂಚೆ ಮಾಡಲೇಬೇಕಾದ ಒಂದು ಕೆಲಸ ನನಗೆ ಯಾರೂ ಹೇಳಿರಲಿಲ್ಲ. ಎಂ.ಎ. ಮುಗಿಸಿ ನೇರವಾಗಿ ಅಮೆರಿಕದಲ್ಲಿ ಪಿಎಚ್.ಡಿ. ಸೇರುವ ಯೋಚನೆ ಇದೆಯಾ? ಆ ಅರ್ಜಿಗಳ ಕೊನೆಯ ದಿನ ಹೆಚ್ಚಾಗಿ ಡಿಸೆಂಬರಿನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ನೀವು ಬ್ರಿಟನ್ನಿಗೆ ಬಂದು ಹತ್ತು-ಹನ್ನೆರಡು ವಾರ ಆಗಿರುತ್ತದೆ, ಒಂದು ಪ್ರಬಂಧವನ್ನೂ ಯಾರೂ ತಿದ್ದಿ ಕೊಟ್ಟಿರುವುದಿಲ್ಲ. ಶಿಫಾರಸು ಪತ್ರಕ್ಕೆ ಅಲ್ಲಿನ ಮೇಷ್ಟರ ಹತ್ತಿರ ಹೋದರೆ ಪಾಪ, ಅವರಾದರೂ ಏನು ಬರೆದಾರು? ಆದ್ದರಿಂದ ಅಮೆರಿಕದ ನಿಮ್ಮ ಮೇಷ್ಟರುಗಳ ಹತ್ತಿರ ಬೇಸಿಗೆಯಲ್ಲೇ ಮಾತಾಡಿ ಪತ್ರಕ್ಕೆ ಒಪ್ಪಿಸಿಡಿ. ನಾನು ಇದನ್ನು ಮಾಡದೆ ಒಂದು ವರ್ಷ ಕಳೆದುಕೊಂಡೆ.

ಇನ್ನೊಂದು ಮಾತು. ಬ್ರಿಟನ್ನಿನ ಲೇಖಕರ ಮೇಲೆ ಕೆಲಸ ಮಾಡಬೇಕು ಅಂತ ಹೋದರೆ ಅವರ ಹಸ್ತಪ್ರತಿ ಎಲ್ಲಿವೆ ಅಂತ ಮೊದಲೇ ನೋಡಿಕೊಳ್ಳಿ. ಎಷ್ಟೋ ಬ್ರಿಟಿಷ್ ಲೇಖಕರ ಕಾಗದ ಪತ್ರಗಳು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರುವ ಹ್ಯಾರಿ ರ‍್ಯಾನ್ಸಮ್ ಸೆಂಟರಿನಲ್ಲಿವೆ. 1955ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ಗೆ ಬಂದ ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್ ಅವರ ಕಾಗದಗಳೂ ಮುಖ್ಯವಾಗಿ ಅಮೆರಿಕದ ಸ್ಮಿತ್ ಕಾಲೇಜು ಮತ್ತು ಇಂಡಿಯಾನಾದಲ್ಲಿವೆ. ಇಲ್ಲಿಗೆ ಬಂದು ಕೂತು, ಹುಡುಕಿದ್ದು ಅಮೆರಿಕದಲ್ಲೇ ಇದೆ ಅಂತ ಗೊತ್ತಾದರೆ ಹೇಗಿರುತ್ತೆ! ಅಮೆರಿಕನ್ ಸಾಹಿತ್ಯವನ್ನೇ ಬ್ರಿಟನ್ನಿನಲ್ಲಿ ಓದುತ್ತೇನೆ ಅನ್ನುವವರೂ ಇದ್ದಾರೆ. ನಗಬೇಡಿ, ಆಕ್ಸ್‌ಫರ್ಡಿನ ರಾದರ್‌ಮಿಯರ್ ಅಮೆರಿಕನ್ ಇನ್‌ಸ್ಟಿಟ್ಯೂಟ್‌ನಂಥ ಜಾಗಗಳು ಇರುವುದೇ ಅಮೆರಿಕದ ಅಧ್ಯಯನಕ್ಕೆ. ದೂರದಿಂದ ನೋಡುವವರ ಪ್ರಶ್ನೆಗಳೇ ಬೇರೆ ಇರುತ್ತವೆ.

ವೀಸಾ

ಸೀಟು ಖಚಿತವಾದ ಮೇಲೆ ವಿಶ್ವವಿದ್ಯಾಲಯ ನಿಮಗೆ ಕ್ಯಾಸ್ ಅಂತ ಒಂದು ನಂಬರ್ ಕೊಡುತ್ತದೆ. ಅದಿಲ್ಲದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ಕೋರ್ಸು ಶುರುವಾಗುವ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು.

ವೀಸಾ ಶುಲ್ಕದ ಜೊತೆ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. ವಿದ್ಯಾರ್ಥಿಗಳಿಗೆ ಇದು ವರ್ಷಕ್ಕೆ 776 ಪೌಂಡ್. ಕೋರ್ಸು ಒಂದೇ ವರ್ಷದ್ದಾದರೂ ವೀಸಾ ಅದಕ್ಕಿಂತ ಕೆಲವು ತಿಂಗಳು ಜಾಸ್ತಿ ಸಿಗುವುದರಿಂದ ಸಾಮಾನ್ಯವಾಗಿ ಒಂದೂವರೆ ವರ್ಷದ್ದು, ಅಂದರೆ 1,164 ಪೌಂಡ್ ಕೀಳುತ್ತಾರೆ. ಒಂದೇ ಕಂತು. ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಖರ್ಚಿಗೆ ಒಂಬತ್ತು ತಿಂಗಳಿಗಾಗುವಷ್ಟು ದುಡ್ಡು ಖಾತೆಯಲ್ಲಿ 28 ದಿನ ಸತತವಾಗಿ ಇರಬೇಕು. ಮಧ್ಯೆ ಒಂದು ದಿನ ಕಮ್ಮಿಯಾದರೂ ಲೆಕ್ಕ ಮತ್ತೆ ಮೊದಲಿನಿಂದ. ಲಂಡನ್ನಿಗೆ ಒಂದು ಮೊತ್ತ, ಬೇರೆ ಊರಿಗೆ ಇನ್ನೊಂದು. ಅದು ಆಗಾಗ ಏರುತ್ತಿರುತ್ತದೆ, ಅರ್ಜಿ ಹಾಕುವ ದಿನ ಸರ್ಕಾರದ ಜಾಲತಾಣದಲ್ಲೇ ನೋಡಿ. ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಂದ ಅರ್ಜಿಯ ಜೊತೆಗೇ ಬ್ಯಾಂಕ್ ಕಾಗದ ಕೇಳುವುದು ಅಪರೂಪ. ಹಾಗಂತ ಇಲ್ಲದೆ ಹೋಗಬೇಡಿ, ಯಾವಾಗ ಬೇಕಾದರೂ ಕೇಳಬಹುದು. ಭಾರತದ ಪಾಸ್‌ಪೋರ್ಟಿನವರು ಎಲ್ಲವನ್ನೂ ಕೊಡಲೇಬೇಕು. ಬೆಂಗಳೂರಿನಿಂದ ಹೊರಡುವವರಿಗೆ ಕ್ಷಯದ ಪರೀಕ್ಷೆಯೂ ಇದೆ.

ಪಾಸ್‌ಪೋರ್ಟಿನ ಜೊತೆ ಮೊದಲು ಕೊಡುತ್ತಿದ್ದ ಪ್ಲಾಸ್ಟಿಕ್ ಕಾರ್ಡು ಈಗಿಲ್ಲ. ಎಲ್ಲವೂ ಆನ್‌ಲೈನ್ ಇ-ವೀಸಾ. ಅದರ ಖಾತೆ ಮಾಡಿಕೊಂಡು ಲಾಗಿನ್ ವಿವರ ಭದ್ರವಾಗಿಡಿ. ಮನೆ ಬಾಡಿಗೆಗೂ ಕೆಲಸಕ್ಕೂ ಅದರ ಕೋಡ್ ಕೇಳುತ್ತಾರೆ.

ಪೆಟ್ಟಿಗೆಯಲ್ಲಿ ಏನಿರಬೇಕು

ಅಮೆರಿಕದಿಂದ ಹೊರಡುವವರೇ, ನಿಮ್ಮ ಅನ್ನದ ಕುಕ್ಕರನ್ನು ಅಲ್ಲೇ ಬಿಟ್ಟು ಬನ್ನಿ. ಅಲ್ಲಿನ ಕರೆಂಟು 120 ವೋಲ್ಟ್, ಬ್ರಿಟನ್ನಿನದು 230. ನಾನು ಪ್ಲಗ್ ಬದಲಿಸುವ ಅಡಾಪ್ಟರ್ ಸಿಕ್ಕಿಸಿದರೆ ಸಾಕು ಅಂದುಕೊಂಡಿದ್ದೆ. ಹೋದ ಎರಡನೇ ದಿನ ಸೋನಾ ಮಸೂರಿ ತೊಳೆದಿಟ್ಟು ಸ್ವಿಚ್ ಒತ್ತಿದೆ. ಕುಕ್ಕರಿನ ಕೆಂಪು ದೀಪ ಒಂದು ಸಲ ಜೋರಾಗಿ ಹೊಳೆಯಿತು, ತಳದಿಂದ ಟಪ್ ಅಂತ ಸದ್ದು ಬಂತು, ಸುಟ್ಟ ವೈರಿನ ವಾಸನೆ ಹರಡಿತು. ಅಡುಗೆಮನೆಯ ಪ್ಲಗ್ಗುಗಳೆಲ್ಲ ಒಟ್ಟಿಗೆ ಸತ್ತವು. ಫ್ರಿಜ್ಜೂ ಸೇರಿ. ಅವತ್ತಿಗಿನ್ನೂ ಹೆಸರೂ ಗೊತ್ತಿಲ್ಲದ ಐದು ಜನ ಫ್ಲಾಟ್‌ಮೇಟ್‌ಗಳಿಗೆ ನನ್ನ ಪರಿಚಯ ಆಗಿದ್ದು ಹೀಗೆ. ಫೋನ್, ಲ್ಯಾಪ್‌ಟಾಪ್ ಚಾರ್ಜರುಗಳು ಎರಡೂ ಕರೆಂಟಿಗೆ ಆಗುತ್ತವೆ. ಬಿಸಿ ಮಾಡುವ, ತಿರುಗುವ ಯಾವುದನ್ನೂ ತರಬೇಡಿ. ಶಿವಮೊಗ್ಗದಿಂದ ಬರುವವರ ಮಿಕ್ಸಿ ಮಾತ್ರ ಅಡಾಪ್ಟರ್ ಹಾಕಿದರೆ ಚೆನ್ನಾಗಿ ಓಡುತ್ತದೆ, ಭಾರತದ್ದೂ 230 ವೋಲ್ಟೇ.

ಒಗ್ಗರಣೆಯ ವಿಷಯದಲ್ಲಿ ಎಚ್ಚರ. ಹಾಸ್ಟೆಲ್ಲಿನ ಹೊಗೆ ಅಲಾರಂ ಬ್ಯಾಡಗಿ ಮೆಣಸಿನಕಾಯಿಯನ್ನು ಸಹಿಸುವುದಿಲ್ಲ. ಬಾಗಿಲು ಮುಚ್ಚಿ, ಕಿಟಕಿ ತೆಗೆದು, ಎಣ್ಣೆ ಹೊಗೆ ಕಟ್ಟುವ ಮುಂಚೆಯೇ ಸಾಸಿವೆ ಹಾಕಿ.

ಮೊದಲ ಎರಡು ವಾರ

ಇಲ್ಲಿ ಕ್ರಮ ಮುಖ್ಯ. ಮೊದಲು ವಿಶ್ವವಿದ್ಯಾಲಯದಲ್ಲಿ ದಾಖಲಾಗಿ, ವಿದ್ಯಾರ್ಥಿ ಅಂತ ಪತ್ರ ತೆಗೆದುಕೊಳ್ಳಿ. ಆ ಪತ್ರ ಹಿಡಿದು ಬ್ಯಾಂಕಿಗೆ ಹೋಗಿ. ಹಳೆಯ ಬ್ಯಾಂಕುಗಳು ವಾರಗಟ್ಟಲೆ ಸತಾಯಿಸಿದರೆ ಮೊಂಜೋ, ಸ್ಟಾರ್ಲಿಂಗ್ ಥರದ ಆ್ಯಪ್ ಬ್ಯಾಂಕುಗಳನ್ನು ನೋಡಿ. ಅಮೆರಿಕದ ಪ್ರಜೆಗಳಿಗೆ ಇನ್ನೊಂದು ತಲೆನೋವು ಇದೆ. ಎಲ್ಲೇ ಇದ್ದರೂ ಆದಾಯ ಒಂದು ಮಿತಿ ದಾಟಿದರೆ ಅಮೆರಿಕಕ್ಕೆ ತೆರಿಗೆಯ ರಿಟರ್ನ್ ಸಲ್ಲಿಸಬೇಕು, ಹೊರದೇಶದ ಖಾತೆಗಳಲ್ಲಿ ಎಲ್ಲ ಸೇರಿ ಯಾವತ್ತಾದರೂ 10,000 ಡಾಲರ್ ದಾಟಿದ್ದರೆ ಅದನ್ನೂ ಬೇರೆಯಾಗಿ ತಿಳಿಸಬೇಕು.

ಆಮೇಲೆ ಜಿಪಿ, ಅಂದರೆ ನಿಮ್ಮ ಏರಿಯಾದ ಡಾಕ್ಟರ ಹತ್ತಿರ ಹೆಸರು ಬರೆಸಿ. ಜ್ವರ ಬಂದ ಮೇಲೆ ಬರೆಸೋಣ ಅಂತ ಕಾಯಬೇಡಿ. ಸರ್‌ಚಾರ್ಜ್ ಕಟ್ಟಿದ್ದೀರಿ, ಡಾಕ್ಟರನ್ನು ನೋಡಲು ಬೇರೆ ದುಡ್ಡಿಲ್ಲ. ಔಷಧಿಗೆ ಇಂಗ್ಲೆಂಡಿನಲ್ಲಿ ಒಂದೊಂದಕ್ಕೆ 9.90 ಪೌಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಉಚಿತ. ಹಲ್ಲಿನ ಡಾಕ್ಟರು ಸಿಗುವುದು ಬಹಳ ಕಷ್ಟ, ಹಲ್ಲಿನ ಕೆಲಸ ಇದ್ದರೆ ಹೊರಡುವ ಮುಂಚೆಯೇ ಮುಗಿಸಿಕೊಳ್ಳಿ.

ಹೊರಗೆ ಬಾಡಿಗೆಗೆ ಮನೆ ಹಿಡಿದರೆ ಬ್ರಿಟನ್ನಿನಲ್ಲೇ ಇರುವ ಜಾಮೀನುದಾರರನ್ನು ಕೇಳಬಹುದು. ಮೊದಲ ವರ್ಷ ಹಾಸ್ಟೆಲ್ಲೇ ಸುಲಭ ಅಂತ ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಠೇವಣಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಡಬೇಕು, ಅದರ ರಸೀದಿ ಕೇಳಿ ಇಸ್ಕೊಳ್ಳಿ. ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಯ ಮೇಲಿನ ಸ್ಥಳೀಯ ತೆರಿಗೆ ಇಲ್ಲ, ಆದರೆ ವಿನಾಯಿತಿಗೆ ನೀವೇ ಪತ್ರ ತೋರಿಸಬೇಕು. 16-25 ರೈಲ್‌ಕಾರ್ಡ್ ಮಾಡಿಸಿದರೆ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ವಯಸ್ಸು 25 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಸಿಗುತ್ತದೆ.

ಭಾರತದ ಪಾಸ್‌ಪೋರ್ಟಿನವರಿಗೆ ಒಂದು ಖುಷಿಯ ಸುದ್ದಿ. ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ನೀವು ಬ್ರಿಟನ್ನಿನ ಚುನಾವಣೆಯಲ್ಲಿ ಮತ ಹಾಕಬಹುದು. ಅಮೆರಿಕದವರಿಗೆ ಆ ಹಕ್ಕಿಲ್ಲ. ತಂಗಿಗೆ ಹೇಳಿದರೆ ನಂಬಲೇ ಇಲ್ಲ.

ತರಗತಿ

ಮೊದಲು ಪದಗಳು. ಅಮೆರಿಕದಲ್ಲಿ ಕೋರ್ಸ್ ಅಂದರೆ ಒಂದು ಪಾಠ, ಇಲ್ಲಿ ಇಡೀ ಎಂ.ಎ. ಪಾಠಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಗ್ರೇಡ್ ಇಲ್ಲ, ಮಾರ್ಕ್ಸ್. ಪಾಠ ಮಾಡುವವರೆಲ್ಲ ಪ್ರೊಫೆಸರ್ ಅಲ್ಲ. ಆ ಹೆಸರು ಕೆಲವರಿಗೇ, ಉಳಿದವರು ಲೆಕ್ಚರರ್. ಹೆಸರು ಹಿಡಿದು ಕರೆಯಿರಿ ಅಂತ ಅವರೇ ಹೇಳುತ್ತಾರೆ. ಮೇಷ್ಟರನ್ನು ಹೆಸರು ಹಿಡಿದು ಕರೆಯಲು ನನಗೆ ಒಂದು ಟರ್ಮ್ ಹಿಡಿಯಿತು. ಶಿವಮೊಗ್ಗದ ಶಾಲೆ ಸಹಾಯಕ್ಕೆ ಬಂದಿದ್ದು ಬೇರೆ ಕಡೆ. ಲಿಫ್ಟ್, ಕ್ಯೂ, ಟಾರ್ಚ್, ಬಿಸ್ಕತ್ತು, ಗ್ರೌಂಡ್ ಫ್ಲೋರ್ ಎಲ್ಲ ನಮ್ಮ ಮನೆ ಮಾತೇ. ಅಮೆರಿಕದಲ್ಲಿ ಫಸ್ಟ್ ಫ್ಲೋರ್ ಅಂದರೆ ನೆಲ ಅಂತಸ್ತು. ನನ್ನ ಸಹಪಾಠಿ ಅಮೆರಿಕದ ಹುಡುಗ ಮೊದಲ ದಿನ ಬೇರೆ ತರಗತಿಯಲ್ಲಿ ಇಪ್ಪತ್ತು ನಿಮಿಷ ಕೂತು ಬಂದ.

ವಾರಕ್ಕೆ ಪಾಠ ನಾಲ್ಕರಿಂದ ಆರು ಗಂಟೆ ಅಷ್ಟೇ. ಇದನ್ನು ನೋಡಿ ಆರಾಮಾಗಿ ಇರಬಹುದು ಅಂದುಕೊಂಡರೆ ಕೆಟ್ಟಿರಿ. ಅಮೆರಿಕದ ಥರ ವಾರವಾರ ಟಿಪ್ಪಣಿ, ರಸಪ್ರಶ್ನೆ, ಹಾಜರಿಗೆ ಮಾರ್ಕ್ಸು, ಮಾತಾಡಿದ್ದಕ್ಕೆ ಮಾರ್ಕ್ಸು ಇರುವುದಿಲ್ಲ. ಎಷ್ಟೋ ಮಾಡ್ಯೂಲುಗಳಲ್ಲಿ ಕೊನೆಗೆ ಬರೆಯುವ ನಾಲ್ಕೈದು ಸಾವಿರ ಪದದ ಒಂದೇ ಪ್ರಬಂಧ ಎಲ್ಲವನ್ನೂ ನಿರ್ಧರಿಸುತ್ತದೆ. ಕೊಟ್ಟ ಓದಿನ ಪಟ್ಟಿ ಉದ್ದ ಇರುತ್ತದೆ. ಎಲ್ಲವನ್ನೂ ಓದಬೇಕು ಅಂತ ಅವರು ಕೊಟ್ಟಿರುವುದಿಲ್ಲ, ಆದರೆ ಯಾವುದನ್ನು ಬಿಡಬಹುದು ಅಂತಲೂ ಹೇಳುವುದಿಲ್ಲ. ಮೊದಲ ವಾರವೇ ಹೋಗಿ ಕೇಳಿ.

ಮಾರ್ಕ್ಸಿನ ವಿಷಯ ಗಟ್ಟಿಯಾಗಿ ನೆನಪಿಡಿ. 50 ಪಾಸು, 60 ಮೆರಿಟ್, 70 ಡಿಸ್ಟಿಂಕ್ಷನ್. 80 ಬಂದರೆ ಊರಿಗೆಲ್ಲ ಹೇಳಿಕೊಳ್ಳಬಹುದು. ಅಮೆರಿಕದಲ್ಲಿ 93 ತೆಗೆಯುತ್ತಿದ್ದವರಿಗೆ 64 ನೋಡಿದಾಗ ಎದೆ ಧಸಕ್ ಅನ್ನುತ್ತದೆ. ನನಗೆ ಮೊದಲ ಪ್ರಬಂಧಕ್ಕೆ 61 ಬಂತು. ಕೆಳಗೆ ಟಿಪ್ಪಣಿ ಇತ್ತು. ತುಂಬಾ ಸ್ವಾರಸ್ಯಕರ ಪ್ರಬಂಧ, ಓದಲು ಸಾಕಷ್ಟು ಚೆನ್ನಾಗಿದೆ, ವಾದವನ್ನು ಇನ್ನೊಂದು ಚೂರು ಮುಂದೆ ತರುವ ಬಗ್ಗೆ ಬಹುಶಃ ಯೋಚಿಸಬಹುದೇನೋ. ಹೊಗಳಿದ್ದಾರೆ ಅಂದುಕೊಂಡೆ. ಎರಡನೆಯದನ್ನೂ ಹಾಗೇ ಬರೆದೆ. 56 ಬಂತು. ಆಗ ಹೋಗಿ ಕೇಳಿದೆ. ಅವರು ಪಾಪ ಗಾಬರಿಯಾಗಿ, "ಹೋದ ಸಲವೇ ಬರೆದಿದ್ದೆನಲ್ಲ, ವಾದವೇ ಕಾಣಿಸುತ್ತಿಲ್ಲ ಅಂತ!" ಅಂದರು.

ಅವತ್ತು ನಾನು ಮಾಡಿಕೊಂಡ ನಿಘಂಟು ಇದು. ಸ್ವಾರಸ್ಯಕರ ಅಂದರೆ ಒಪ್ಪಿಗೆಯಾಗಿಲ್ಲ. ಸಾಕಷ್ಟು ಚೆನ್ನಾಗಿದೆ (ಕ್ವೈಟ್ ಗುಡ್) ಅಂದರೆ ಅಮೆರಿಕದಲ್ಲಿ ತುಂಬಾ ಚೆನ್ನಾಗಿದೆ, ಇಲ್ಲಿ ಪರವಾಗಿಲ್ಲ. ಬಹುಶಃ ಯೋಚಿಸಬಹುದೇನೋ ಅಂದರೆ ತಿದ್ದಲೇಬೇಕು. ನಾಟ್ ಬ್ಯಾಡ್ ಅಟ್ ಆಲ್ ಅಂದರೆ ಮಾತ್ರ ಮನೆಗೆ ಫೋನ್ ಮಾಡಿ. ಟಿಪ್ಪಣಿಯ ಮೆತ್ತಗಿನ ವಾಕ್ಯಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಂಡು ಪ್ರತಿಯೊಂದನ್ನೂ "ಹೀಗೆ ಮಾಡು" ಅಂತ ಓದಿಕೊಳ್ಳಿ. ಮುಂದಿನ ಪ್ರಬಂಧ ಕೊಡುವ ಮುಂಚೆ ಆ ಕಾಗದ ಮುಂದಿಟ್ಟುಕೊಂಡು ನೋಡಿ. ನನಗೆ ಆಮೇಲಿನದರಲ್ಲಿ 68 ಬಂತು.

ಸಣ್ಣ ವಿಷಯ. ಉದ್ಧರಣೆಗೆ ಇಲ್ಲಿ ಒಂಟಿ ಚಿಹ್ನೆ, ಜೋಡಿ ಅಲ್ಲ. ಆಕರಗಳನ್ನು ಸೂಚಿಸಲು ಅಮೆರಿಕದ ಎಂಎಲ್‌ಎ ಶೈಲಿಯ ಬದಲು ಹಲವು ವಿಭಾಗಗಳಲ್ಲಿ ಬ್ರಿಟನ್ನಿನ ಎಂಎಚ್‌ಆರ್‌ಎ ಶೈಲಿಯ ಅಡಿಟಿಪ್ಪಣಿ ಬೇಕು. ಇದನ್ನು ಕೊನೆಯ ರಾತ್ರಿ ಬದಲಿಸಲು ಕೂತರೆ ಬೆಳಗಾಗುತ್ತದೆ.

ಗ್ರಂಥಾಲಯ

ಬ್ರಿಟಿಷ್ ಲೈಬ್ರರಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿದೆ. ಓದುಗರ ಪಾಸು ಉಚಿತ. ಹೆಸರು ಮತ್ತು ವಿಳಾಸ ತೋರಿಸುವ ದಾಖಲೆ ಸಾಕು. ಕೋಟು, ಚೀಲ ಎಲ್ಲ ಕೆಳಗೆ ಲಾಕರಿನಲ್ಲಿಟ್ಟು, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಲ್ಯಾಪ್‌ಟಾಪ್, ಪೆನ್ಸಿಲ್ ಹಿಡಿದು ಒಳಗೆ ಹೋಗಬೇಕು. ಪೆನ್ನಿಗೆ ಪ್ರವೇಶವಿಲ್ಲ. ಹಳೆಯ ಪುಸ್ತಕವನ್ನು ಇಡಲು ಸ್ಪಂಜಿನ ಇಳಿಜಾರು ಕೊಡುತ್ತಾರೆ. ಪುಟ ಮಗುಚಿಕೊಳ್ಳದ ಹಾಗೆ ಹಾವಿನಂತೆ ಬಳುಕುವ ಒಂದು ಭಾರದ ದಾರ ಕೊಡುತ್ತಾರೆ. ಮೊದಲ ಸಲ ಅದನ್ನು ಪುಟದ ಮೇಲೆ ಇಟ್ಟಾಗ ನನ್ನ ಕೈ ನಡುಗಿತ್ತು.

ಹೋಗುವ ಮುಂಚೆಯೇ ಪುಸ್ತಕ ಎಲ್ಲಿದೆ ಅಂತ ನೋಡಿ ಕೇಳಿಡಿ. ಬಹಳಷ್ಟು ಪುಸ್ತಕಗಳು ಯಾರ್ಕ್‌ಶೈರಿನ ಬಾಸ್ಟನ್ ಸ್ಪಾದಲ್ಲಿರುತ್ತವೆ, ಅಲ್ಲಿಂದ ಬರಲು ದಿನಗಳೇ ಬೇಕು. 2023ರ ಅಕ್ಟೋಬರಿನ ಸೈಬರ್ ದಾಳಿಯಲ್ಲಿ ಕ್ಯಾಟಲಾಗೇ ತಿಂಗಳುಗಟ್ಟಲೆ ಸಿಗುತ್ತಿರಲಿಲ್ಲ. ಆಕ್ಸ್‌ಫರ್ಡಿನ ಬೋಡ್ಲಿಯನ್‌ಗೆ ಸೇರುವವರು ಗ್ರಂಥಾಲಯದೊಳಗೆ ಬೆಂಕಿ ಹೊತ್ತಿಸುವುದಿಲ್ಲ ಅಂತ ಇವತ್ತಿಗೂ ಪ್ರಮಾಣ ಮಾಡಬೇಕು. ಪಠ್ಯಕ್ಕೆ ಬೇಕಾದ ಕಾದಂಬರಿಗಳನ್ನು ಹೊಸದಾಗಿ ಕೊಳ್ಳಬೇಡಿ, ಆಕ್ಸ್‌ಫ್ಯಾಮ್‌ನ ಹಳೆ ಪುಸ್ತಕದಂಗಡಿ ಪ್ರತಿ ವಿಶ್ವವಿದ್ಯಾಲಯದ ಊರಿನಲ್ಲೂ ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ಚಳಿಗಾಲ

ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಎಡಿನ್‌ಬರೋದಲ್ಲಿ ಇನ್ನೂ ಬೇಗ. ಚಳಿ ತಡೆಯಬಹುದು, ಕತ್ತಲು ತಡೆಯೋದು ಕಷ್ಟ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಿ ಅಂತ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ಸೇ ಎಲ್ಲರಿಗೂ ಹೇಳುತ್ತದೆ. ನಮ್ಮ ಬಣ್ಣದವರು ವರ್ಷಪೂರ್ತಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕು ಅಂತಲೂ ಹೇಳುತ್ತದೆ. ಬೆಳಗಿನ ಹೊತ್ತು ಅರ್ಧ ಗಂಟೆ ಹೊರಗೆ ಓಡಾಡಿ, ಮಳೆ ಬಂದರೂ ಸರಿ.

ಮನೆಗೆ ಫೋನ್ ಮಾಡುವಾಗ ಗಡಿಯಾರ ನೋಡಿಕೊಳ್ಳಿ. ಬ್ರಿಟನ್ ಅಕ್ಟೋಬರಿನ ಕೊನೆಯ ಭಾನುವಾರ ಗಂಟೆ ಹಿಂದಕ್ಕೆ ಹಾಕುತ್ತದೆ, ಅಮೆರಿಕ ನವೆಂಬರಿನ ಮೊದಲ ಭಾನುವಾರ. ಆ ಒಂದು ವಾರ ನ್ಯೂಜೆರ್ಸಿ ಐದರ ಬದಲು ನಾಲ್ಕು ಗಂಟೆ ಹಿಂದೆ ಇರುತ್ತದೆ. ಮಾರ್ಚಿನಲ್ಲೂ ಎರಡು-ಮೂರು ವಾರ ಹೀಗೇ. ಶಿವಮೊಗ್ಗ ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ನಾಲ್ಕೂವರೆ.

ಬೇಜಾರಾದಾಗ ಅಪ್ಪ ಒಂದೇ ಮಾತು ಹೇಳುತ್ತಿದ್ದರು. "ನಮ್ಮ ತೀರ್ಥಹಳ್ಳಿ ಕಡೆಯ ಅನಂತಮೂರ್ತಿಯವರೂ ಬರ್ಮಿಂಗ್‌ಹ್ಯಾಮಿನಲ್ಲಿ ಇದೇ ಚಳಿಯಲ್ಲೇ ಓದಿದ್ದು ಕಣಮ್ಮಾ." 1966ರಲ್ಲಿ ಅವರಿಗೆ ಅಲ್ಲಿ ಪಿಎಚ್.ಡಿ. ಸಿಕ್ಕಿತು. ಇಂಗ್ಲಿಷ್ ಓದಲು ಹೋದವರು ಅಲ್ಲೇ ಕೂತು ಕನ್ನಡದಲ್ಲಿ ಕಾದಂಬರಿಯನ್ನೂ ಬರೆದರು. ನನ್ನ ಕೈಯಲ್ಲಿ ಕಾದಂಬರಿ ಆಗಲಿಲ್ಲ. ಆದರೆ ಇಡೀ ದಿನ ಇಂಗ್ಲಿಷಿನಲ್ಲೇ ಯೋಚಿಸಿ ಸುಸ್ತಾದ ಮೇಲೆ ರಾತ್ರಿ ಒಂದು ಪುಟ ಕನ್ನಡ ಬರೆದರೆ ನಿದ್ದೆ ಬರುತ್ತಿತ್ತು. ಕನ್ನಡ ಬಳಗ ಯುಕೆಯವರ ಯುಗಾದಿ, ದೀಪಾವಳಿ ಕಾರ್ಯಕ್ರಮಗಳಿಗೆ ಹೋಗಿ. ಊಟಕ್ಕಾದರೂ ಹೋಗಿ.

ಬೇಸಿಗೆ, ಕೊನೆಯ ಪ್ರಬಂಧ

ಮೇ ತಿಂಗಳ ನಂತರ ಪಾಠ ಇಲ್ಲ. ಹನ್ನೆರಡರಿಂದ ಹದಿನೈದು ಸಾವಿರ ಪದದ ಪ್ರಬಂಧ ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಕೊಡಬೇಕು. ಮಾರ್ಗದರ್ಶಕರು ನಿಮ್ಮನ್ನು ನೋಡುವುದು ನಾಲ್ಕೈದು ಸಲ ಇದ್ದೀತು, ಅಷ್ಟೇ. ಆಗಸ್ಟಿನಲ್ಲಿ ಅವರು ರಜೆ ಹೋಗುತ್ತಾರೆ. ಜೂನ್ ಮುಗಿಯುವುದರೊಳಗೆ ಒಂದು ಅಧ್ಯಾಯವನ್ನಾದರೂ ಕೈಗಿಡಿ, ದಿನಾಂಕಗಳನ್ನು ಮೊದಲ ಭೇಟಿಯಲ್ಲೇ ಬರೆದುಕೊಂಡು ಬನ್ನಿ.

ಇಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿ ಟರ್ಮ್ ಸಮಯದಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಬಿ.ಎ. ಓದುವವರಿಗೆ ಬೇಸಿಗೆ ರಜೆ. ಎಂ.ಎ.ಯವರಿಗೆ ಪ್ರಬಂಧ ಬರೆಯುವ ಬೇಸಿಗೆಯೂ ಸಾಮಾನ್ಯವಾಗಿ ಟರ್ಮ್ ಲೆಕ್ಕಕ್ಕೇ ಬರುತ್ತದೆ. ಜೊತೆಯವರು ನಲವತ್ತು ಗಂಟೆ ಮಾಡ್ತಾರೆ ಅಂತ ನೀವೂ ಮಾಡಿದರೆ ವೀಸಾಕ್ಕೇ ಕುತ್ತು. ವಿಶ್ವವಿದ್ಯಾಲಯದ ಕಚೇರಿಯಿಂದ ನಿಮ್ಮ ಟರ್ಮ್ ದಿನಾಂಕ ಬರಹದಲ್ಲಿ ತೆಗೆದುಕೊಳ್ಳಿ.

ಉಳಿದು ಕೆಲಸ ಹುಡುಕುವವರಿಗೆ ಗ್ರ್ಯಾಜುಯೇಟ್ ವೀಸಾ ಇದೆ. ಎಂ.ಎ.ಯವರಿಗೆ ಅದು ಎರಡು ವರ್ಷ ಇತ್ತು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ನೀವು ಕೋರ್ಸು ಮುಗಿಸಿದ್ದೀರಿ ಅಂತ ವಿಶ್ವವಿದ್ಯಾಲಯ ಸರ್ಕಾರಕ್ಕೆ ತಿಳಿಸಿದ ಮೇಲೆ, ಇರುವ ವೀಸಾ ಮುಗಿಯುವ ಮುಂಚೆ, ಬ್ರಿಟನ್ನಿನ ಒಳಗಿದ್ದೇ ಅರ್ಜಿ ಹಾಕಬೇಕು.

ವಾಪಸ್ ಹೊರಡುವವರು ಠೇವಣಿ ಕೈಗೆ ಬರುವವರೆಗೆ ಬ್ಯಾಂಕ್ ಖಾತೆ ಮುಚ್ಚಬೇಡಿ. ಅಂಕಪಟ್ಟಿಯ ಎರಡು ಪ್ರತಿ ಮೊದಲೇ ತೆಗೆಸಿಡಿ. ಅಲ್ಲಿ ಕೊಂಡ ಕುಕ್ಕರನ್ನು ಮುಂದಿನ ಬ್ಯಾಚಿನವರಿಗೆ ಕೊಟ್ಟು ಬನ್ನಿ, ಅಮೆರಿಕದಲ್ಲಿ ಅದರಲ್ಲಿ ಅನ್ನ ಬೇಯುವುದಿಲ್ಲ. ನನ್ನದು ಮಾತ್ರ ಶಿವಮೊಗ್ಗಕ್ಕೆ ಹೋಯಿತು. ಅಪ್ಪ ಪ್ಲಗ್ ಕತ್ತರಿಸಿ ಬೇರೆಯದು ಹಾಕಿದ್ದಾರೆ, ಅಮ್ಮ ಅದರಲ್ಲಿ ಈಗಲೂ ಅನ್ನ ಮಾಡುತ್ತಾರೆ.